ಪದಚರ್ಚೆ: ಗಿಂಕೊ ಮರಕ್ಕೆ ‘ಹೂವು’, ‘ನಿಷೇಚನ’, ‘ಕಾಯಿ’ ಎನ್ನಬಹುದೆ?

ಪ್ರಶ್ನೆ (ರಾಯಚೂರಿನಿಂದ)

ಎಲ್ಲರಿಗೂ ಶರಣು. ಮರಗಳ ಮೇಲಿನ ಕಿರುಹೊತ್ತಗೆಯೊಂದರ ಅನುವಾದದಲ್ಲಿ ಚೀನಾ, ಜಪಾನಿನ ಗಿಂಕೊ ಮರಕ್ಕೆ ಕೈಯಿಂದ ಪರಾಗ ಕೊಡುವ ಭಾಗ ಬಂದಿದೆ. ಸದ್ಯಕ್ಕೆ ಬರೆದಿರುವ ವಾಕ್ಯ ಇದು: ‘ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸಿಂಪಡಿಸಿ ನಿಷೇಚನ ಮಾಡಿದರೆ ವಾರದೊಳಗೆ ಕಾಯಿ ಕಟ್ಟುತ್ತದೆ.’ ಓದಲು ಸಲೀಸಾಗಿದೆ, ಆದರೂ ಅನುಮಾನ. ನಮ್ಮ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಆಡುವ ‘ಕ್ರಾಸಿಂಗ್’ ಇಲ್ಲಿ ನಡೆಯುತ್ತದೆಯೆ? ಹೆಸರು ಬರೆಯುವುದು ಗಿಂಕೊ ಎಂದೋ, ಗಿಂಕ್ಗೊ ಎಂದೋ?

ಉತ್ತರ (ಕೊಪ್ಪಳದಿಂದ)

ಶರಣ್ರೀ ಸರ್. ವಾಕ್ಯದ ಕನ್ನಡ ಚೆನ್ನಾಗಿದೆ, ಮರಕ್ಕೆ ಮಾತ್ರ ಹೊಂದೋದಿಲ್ಲ. ಹೂವು, ನಿಷೇಚನ, ಕಾಯಿ, ಮೂರೂ ಪದ ಬದಲಾಗಬೇಕು.

ಮೊದಲು ‘ಕ್ರಾಸಿಂಗ್’ ಬಿಡಿ. ಕುಷ್ಟಗಿ ಕಡೆ ಹತ್ತಿಯ ಹೊಲದಲ್ಲಿ ಆ ಪದಕ್ಕೆ ಖಚಿತವಾದ ಅರ್ಥವಿದೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳು, ಕೇಸರ ಎರಡನ್ನೂ ಸುಲಿದು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಶಲಾಕಾಗ್ರಕ್ಕೆ (ಹೂವಿನ ಹೆಣ್ಣು ಭಾಗದ ತುದಿಗೆ) ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇರುವುದರಿಂದ ಈ ಸುಲಿಯುವ ಕೆಲಸ. ಎರಡು ತಳಿ ಬೆರೆಸಬೇಕಾದ್ದರಿಂದ ಕ್ರಾಸಿಂಗ್. ಗಿಂಕೊದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸುಲಿಯುವುದು ಏನೂ ಇಲ್ಲ. ಹೋಲಿಕೆ ಬೇಕೆಂದರೆ ಖರ್ಜೂರ ಹತ್ತಿರ, ಅಲ್ಲೂ ಗಂಡು, ಹೆಣ್ಣು ಮರ ಬೇರೆ ಬೇರೆ.

‘ಹೂವು’ ಯಾಕೆ ಬೇಡವೆಂದರೆ ಗಿಂಕೊ ನಗ್ನಬೀಜ ಸಸ್ಯ. ಎಸಳಿಲ್ಲ, ಅಂಡಾಶಯವಿಲ್ಲ, ಶಲಾಕೆಯೂ ಇಲ್ಲ. ಹೆಣ್ಣು ಮರದಲ್ಲಿ ಉದ್ದ ತೊಟ್ಟಿನ ತುದಿಗೆ ಸಾಮಾನ್ಯವಾಗಿ ಎರಡು ಅಂಡಕ (ಮುಂದೆ ಬೀಜವಾಗುವ ಭಾಗ) ಬೆತ್ತಲೆಯಾಗಿ ಕೂತಿರುತ್ತವೆ. ಪರಾಗಕ್ಕೆ ಸಿದ್ಧವಾದಾಗ ಒಂದೊಂದರ ತುದಿಯ ಸಣ್ಣ ರಂಧ್ರದಲ್ಲಿ ಒಂದು ಹನಿ ಒಸರಿ, ಬಿಸಿಲಿಗೆ ಮಿಣಮಿಣ ಹೊಳೆಯುತ್ತದೆ. ಗಾಳಿಯಲ್ಲಿ ಬಂದ ಪರಾಗ ಆ ಹನಿಗೆ ಅಂಟುತ್ತದೆ, ಹನಿ ಒಳಗೆ ಸರಿಯುವಾಗ ಪರಾಗವನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ‘ಪರಾಗಹನಿ’ ಅನ್ನಿ, ಸಾಕು. ಕೈಪಿಡಿಯಲ್ಲಿ ಈ ಪದ ಬಿಟ್ಟುಹೋದರೆ ಕೆಲಸ ಮಾಡುವವನಿಗೆ ಯಾವ ದಿನ ಪರಾಗ ಕೊಡಬೇಕೆಂಬುದೇ ತಿಳಿಯುವುದಿಲ್ಲ. ಹನಿ ಕಾಣದಿದ್ದಾಗ ಎಷ್ಟು ದೂಳು ಹೊಡೆದರೂ ದಂಡ.

ಈಗ ‘ನಿಷೇಚನ’, ಅಂದರೆ ಗಂಡು ಕೋಶ ಹೆಣ್ಣು ಕೋಶದೊಡನೆ ಕೂಡುವುದು. ಹತ್ತಿಯಲ್ಲಿ ಪರಾಗ ಬಿದ್ದ ಒಂದು ದಿನದ ಆಸುಪಾಸಿನಲ್ಲಿ ನಿಷೇಚನ ಮುಗಿಯುತ್ತದೆ, ಹಾಗಾಗಿ ಎರಡಕ್ಕೂ ಒಂದೇ ಮಾತು ಬಳಸಿದರೂ ಹೊಲದಲ್ಲಿ ನಷ್ಟವಿಲ್ಲ. ಗಿಂಕೊದಲ್ಲಿ ಪರಾಗ ಸೇರುವುದು ವಸಂತದಲ್ಲಿ, ನಿಷೇಚನ ಆಗುವುದು ನಾಲ್ಕೈದು ತಿಂಗಳು ಕಳೆದ ಮೇಲೆ. ಅಷ್ಟು ದಿನ ಪರಾಗದ ನಳಿಕೆ ಅಂಡಕದೊಳಗೆ ಬೇರು ಬಿಟ್ಟಂತೆ ಹಬ್ಬಿ ಆಹಾರ ಹೀರುತ್ತಾ ಇರುತ್ತದೆ. ಕೊನೆಗೆ ಒಳಗಿನ ದ್ರವಕ್ಕೆ ಈಜುವ ಗಂಡು ಕೋಶಗಳನ್ನು ಬಿಡುತ್ತದೆ. ಇದನ್ನು ಮೊದಲು ಕಂಡವರು ಜಪಾನಿನ ಹಿರಾಸೆ ಸಾಕುಗೊರೊ, 1896ರಲ್ಲಿ, ಟೋಕಿಯೊದ ಕೊಯಿಶಿಕಾವಾ ಸಸ್ಯೋದ್ಯಾನದ ಮರದಲ್ಲಿ.

ತಮಾಷೆಯೆಂದರೆ ನಿಷೇಚನ ಅಂದರೆ ಸುರಿಯುವುದು, ಎರೆಯುವುದು. ಸಿಂಚನದ ನೆಂಟ. ಗಿಂಕೊದ ಒಳಗೆ ನಡೆಯುವುದಕ್ಕೆ ಅದು ಹೇಳಿ ಮಾಡಿಸಿದ ಪದ. ಆದರೆ ‘ಸಿಂಪಡಿಸಿ ನಿಷೇಚನ ಮಾಡಿ’ ಎಂದು ಒಟ್ಟಿಗೆ ಬರೆದರೆ ಓದುಗ ಪಂಪಿನಿಂದ ಹೊಡೆಯುವುದನ್ನೇ ನಿಷೇಚನ ಅಂದುಕೊಳ್ಳುತ್ತಾನೆ. ಮನುಷ್ಯ ಮಾಡುವುದು ಪರಾಗಸ್ಪರ್ಶ, ಮರ ಮಾಡಿಕೊಳ್ಳುವುದು ನಿಷೇಚನ. ‘ನಿಷೇಚನ ಮಾಡು’ ಬೇಡ, ‘ನಿಷೇಚನ ಆಗು’ ಇರಲಿ.

‘ಕಾಯಿ ಕಟ್ಟಿತು’ ಇನ್ನೂ ಮೋಸದ ಮಾತು. ಅಂಡಕ ಬೇಸಿಗೆಯಿಡೀ ಉಬ್ಬಿ, ಹೆಚ್ಚುಕಡಿಮೆ ಪೂರ್ತಿ ಗಾತ್ರಕ್ಕೆ ಬಂದಮೇಲೆ ನಿಷೇಚನ. ಅಂದರೆ ಕಣ್ಣಿಗೆ ಕಾಯಿ ಕಂಡಿದೆ, ಒಳಗೆ ಭ್ರೂಣ ಇನ್ನೂ ಇಲ್ಲ. ಗಂಗಾವತಿ, ಸಿಂಧನೂರಿನ ಭತ್ತದವರು ಇದಕ್ಕೆ ‘ಜೊಳ್ಳು’ ಸೂಚಿಸಿಯಾರು. ಅದೂ ಆಗದು. ಜೊಳ್ಳೆಂದರೆ ಒಳಗೆ ಪೊಳ್ಳು, ನೀರಿಗೆ ಹಾಕಿದರೆ ತೇಲುತ್ತದೆ. ಗಿಂಕೊದಲ್ಲಿ ಆಹಾರದ ತಿರುಳು ನಿಷೇಚನಕ್ಕೆ ಮೊದಲೇ ತುಂಬುವುದರಿಂದ ಭ್ರೂಣವಿಲ್ಲದ ಬೀಜವೂ ಗಟ್ಟಿಯಾಗಿ ಮುಳುಗಬಹುದು. ನೀರಿನ ಪರೀಕ್ಷೆ ನಂಬಬೇಡಿ, ಬೀಜವನ್ನು ಉದ್ದಕ್ಕೆ ಸೀಳಿ ನೋಡಬೇಕು. ಅದೂ ಬಿದ್ದ ಕೂಡಲೇ ಅಲ್ಲ, ಬಿದ್ದಮೇಲೂ ಭ್ರೂಣ ಬೆಳೆಯುತ್ತಿರುತ್ತದೆ. ಹಸಿ ಮರಳಿನಲ್ಲಿ ಒಂದೆರಡು ತಿಂಗಳು ಇಟ್ಟು ಸೀಳಿದರೆ ಖಚಿತ. ‘ಭ್ರೂಣವಿಲ್ಲದ ಬೀಜ’ ಎಂದೇ ಬರೆಯಿರಿ.

ಮತ್ತೊಂದು ಉತ್ತರ (ಬಳ್ಳಾರಿಯಿಂದ)

ಕೊಪ್ಪಳದ ಮೇಡಂ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಗಂಡು ಭಾಗಕ್ಕೆ ಪಠ್ಯಪುಸ್ತಕದ ‘ಶಂಕು’ ತಪ್ಪಲ್ಲ, ಆದರೆ ಶಂಕು ಅಂದರೆ ಗಟ್ಟಿ, ಚೂಪು ವಸ್ತು ಕಣ್ಣ ಮುಂದೆ ಬರುತ್ತದೆ. ಗಿಂಕೊದ್ದು ಮೆತ್ತಗೆ ಜೋತುಬಿದ್ದ ಎಳೆ. ಬಳ್ಳಾರಿ ಜಾಲಿಯ ತೆನೆ ನೋಡಿದವರಿಗೆ ಬೇರೆ ವಿವರಣೆ ಬೇಡ, ಅದಕ್ಕಿಂತ ಗಿಡ್ಡ ಅಷ್ಟೆ. ಜಾಲಿಯದು ನಿಜವಾದ ಹೂಗಳ ತೆನೆ, ಇದು ಅಲ್ಲ. ಹಾಗಾಗಿ ‘ಹೂತೆನೆ’ ಬಿಟ್ಟು ‘ಪರಾಗತೆನೆ’ ಅನ್ನೋಣ. ಪರಾಗಕ್ಕೆ ‘ಬಂಡು’ ಎಂಬ ಹಳೆಯ ಪದವನ್ನು ಯಾರಾದರೂ ತಂದಾರು. ಅದರಲ್ಲಿ ಮಕರಂದದ ಅರ್ಥವೂ ಇದೆ, ದುಂಬಿಗೆ ಬಂಡುಣಿ ಅಂದದ್ದು ಅದಕ್ಕೇ. ಗಾಳಿಯನ್ನು ನಂಬಿದ ಗಿಂಕೊಗೆ ಬಂಡುಣಿಯ ಹಂಗಿಲ್ಲ.

ಹೊರಗಿನ ಹಳದಿ ಮೆತ್ತೆಯನ್ನು ‘ಹಣ್ಣು’ ಅನ್ನಬೇಡಿ, ಅದು ಬೀಜದ ಸಿಪ್ಪೆಯ ಹೊರಪದರ. ‘ತಿರುಳುಸಿಪ್ಪೆ’ ಆಗಬಹುದು. ಹಣ್ಣು ಅಂದರೆ ಜನ ಬಾಯಿಗೆ ಹಾಕುತ್ತಾರೆ. ಅದು ಕೊಳೆತ ಬೆಣ್ಣೆಯಂತೆ ನಾರುತ್ತದೆ, ಗೇರುಸಿಪ್ಪೆಯ ಎಣ್ಣೆಯಂತೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ಬೇಕು. ಒಳಗಿನ ಬೀಜವನ್ನು ಬೇಯಿಸಿ ತಿನ್ನುವುದುಂಟು, ಹೆಚ್ಚಾದರೆ ಮಕ್ಕಳಿಗೆ ಸೆಳವು ಬರುತ್ತದೆ.

ಹೆಸರು ‘ಗಿಂಕೊ’. ಚೀನೀ ಲಿಪಿಯ ‘ಬೆಳ್ಳಿ ಜರ್ದಾಳು’ ಅನ್ನುವ ಪದವನ್ನು ಜಪಾನಿನಲ್ಲಿ ‘ಗಿಂಕ್ಯೊ’ ಎಂದು ಓದಿದ್ದನ್ನು ಜರ್ಮನ್ ವೈದ್ಯ ಕೆಂಪ್ಫರ್ 1712ರಲ್ಲಿ Ginkgo ಎಂಬ ವಿಚಿತ್ರ ಕಾಗುಣಿತದಲ್ಲಿ ಅಚ್ಚು ಹಾಕಿಸಿದ, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1771ರಲ್ಲಿ ಹಾಗೇ ಎತ್ತಿಕೊಂಡ. ಅವರ ಆ ‘ಗ’ಕಾರವನ್ನು ನಾವು ಹೊರುವುದು ಬೇಡ. ನಮ್ಮ ಕಡೆ ಜರ್ದಾಳಿಗೆ ಖುಬಾನಿ ಅಂತಾರೆ, ‘ಬೆಳ್ಳಿ ಖುಬಾನಿ’ ಎಂದು ಆವರಣದಲ್ಲಿ ಕೊಟ್ಟರೂ ಚೆಂದವೇ.

ತಿದ್ದಿದ ಪಾಠ (ರಾಯಚೂರಿನಿಂದ)

ಇಬ್ಬರಿಗೂ ಶರಣು. ಹೀಗೆ ತಿದ್ದಿದ್ದೇನೆ:

‘ಪರಾಗತೆನೆಗಳು ಹಸಿರಿನಿಂದ ಹಳದಿಗೆ ತಿರುಗಿದಾಗ ಕಿತ್ತು, ನೆರಳಿನಲ್ಲಿ ಕಾಗದದ ಮೇಲೆ ಒಂದೇ ಪದರವಾಗಿ ಹರಡಿ. ರಾಶಿ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಉದುರುವ ಪರಾಗವನ್ನು ಸೋಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಅಂಡಕದ ತುದಿಯಲ್ಲಿ ಪರಾಗಹನಿ ಹೊಳೆಯುವ ದಿನ ಕುಂಚದಿಂದ ಸವರಿ, ಇಲ್ಲವೆ ತೆನೆಯಿರುವ ಟೊಂಗೆಗಳನ್ನು ನೀರಿನ ಬಾಟಲಿಯಲ್ಲಿಟ್ಟು ಹೆಣ್ಣು ಮರಕ್ಕೆ ಕಟ್ಟಿ. ನೀರಿನಲ್ಲಿ ಕಲಸಿ ಸಿಂಪಡಿಸುವುದಾದರೆ ಆಗಲೇ ಕಲಸಿ ಆಗಲೇ ಮುಗಿಸಿ, ಹಿಂದೆಯೇ ಮಳೆ ಬಂದರೆ ಮತ್ತೆ ಮಾಡಬೇಕು. ಅತಿಯಾದರೂ ಕೆಡುಕು: ಬೀಜ ಕಿಕ್ಕಿರಿದು ಸಣ್ಣದಾಗುತ್ತದೆ, ಮರ ಸೋಲುತ್ತದೆ. ನಿಷೇಚನ ಆಗುವುದು ನಾಲ್ಕೈದು ತಿಂಗಳ ನಂತರ.’

‘ಬೂಸ್ಟು’ ಕೊಪ್ಪಳದ ಕಡೆಯೂ ನಡೆಯುತ್ತದೆಯೆ ಮೇಡಂ, ಇಲ್ಲ ‘ಬೂಜು’ ಹಾಕಲೆ?