ದಾವಣಗೆರೆ ಆಫೀಸು, ದುರ್ಗದ ಬ್ರಾಂಚು: ನೆಟ್‌ವರ್ಕ್ ಕಾಯೋಕೆ ಜ್ಯಾಬಿಕ್ಸಾ, ಪಿಆರ್‌ಟಿಜಿನಾ, ಆಪ್‌ಮ್ಯಾನೇಜರಾ?

ಮಂಡಿಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಬಟ್ಟೆ ಹೋಲ್‌ಸೇಲ್ ಕಂಪನಿಯಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತೇನೆ. ಐಟಿ ವಿಭಾಗ ಅಂದರೆ ನಾನೊಬ್ಬನೇ, ಪ್ರಿಂಟರ್‌ಗೆ ಟೋನರ್ ಹಾಕೋದೂ ನಾನೇ. ಪಿ.ಜೆ. ಬಡಾವಣೆಯಲ್ಲಿ ಆಫೀಸು, ಹದಡಿ ರಸ್ತೆಯಲ್ಲಿ ಗೋಡೌನು, ಚಿತ್ರದುರ್ಗದಲ್ಲಿ ಒಂದು ಬ್ರಾಂಚು. 3 ರೂಟರ್, 8 ಸ್ವಿಚ್, ಬಿಲ್ಲಿಂಗ್ ಸರ್ವರ್ ಒಂದು, 22 ಕ್ಯಾಮೆರಾ, ಕ್ಯಾಮೆರಾ ರೆಕಾರ್ಡ್ ಮಾಡೋ ಎನ್‌ವಿಆರ್ 2, 6 ವೈಫೈ ಪಾಯಿಂಟ್. ಎಲ್ಲಾ ಸೇರಿ 42.

ಏನೇ ಕೆಟ್ಟರೂ ಅದು ನನಗಿಂತ ಮೊದಲು ಸಾಹುಕಾರರಿಗೆ ಗೊತ್ತಾಗುತ್ತೆ. ಹೋದ ವಾರ ದುರ್ಗದ ಲೈನ್ ಬೆಳಗ್ಗೆ 9ಕ್ಕೇ ಹೋಗಿದೆ, ಅಲ್ಲಿನ ಹುಡುಗರು ಈಗ ಬರುತ್ತೆ ಆಗ ಬರುತ್ತೆ ಅಂತ ಕೈಯಲ್ಲೇ ಬಿಲ್ ಬರೀತಾ ಕೂತಿದ್ದಾರೆ, ನನಗೆ ತಿಳಿದಿದ್ದು 11ಕ್ಕೆ, ಅದೂ ಸಾಹುಕಾರರು ಫೋನಲ್ಲಿ ಬೈದ ಮೇಲೆ. ಏನಾದರೂ ಕೆಟ್ಟ ಕೂಡಲೇ ನನಗೆ ತಿಳಿಸೋ ಮಾನಿಟರಿಂಗ್ ಸಾಫ್ಟ್‌ವೇರ್ ಯಾವುದು ಹಾಕಲಿ? ದುಡ್ಡು ಬಿಚ್ಚೋದು ಕಷ್ಟ. ನನಗೆ ಲಿನಕ್ಸ್ ಅಷ್ಟಕ್ಕಷ್ಟೇ.

ಕೋಟೆ ಕಡೆಯವ:
ಲಿನಕ್ಸ್ ಬರಲ್ಲ ಅಂದರೆ ಪಿಆರ್‌ಟಿಜಿ ಹಾಕಿ. ಜರ್ಮನಿಯದು, ವಿಂಡೋಸ್ ಮೇಲೆ ಓಡುತ್ತೆ, ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತೆ. 100 ಸೆನ್ಸರ್‌ವರೆಗೆ ಉಚಿತ.

ಆದರೆ ಇಲ್ಲೇ ಎಲ್ಲರೂ ಎಡವೋದು. ಸೆನ್ಸರ್ ಅಂದರೆ ಡಿವೈಸ್ ಅಲ್ಲ, ಡಿವೈಸ್‌ನಲ್ಲಿ ನೀವು ನೋಡೋ ಒಂದೊಂದು ವಿಷಯ. 24 ಪೋರ್ಟಿನ ಸ್ವಿಚ್‌ನಲ್ಲಿ ಪ್ರತಿ ಪೋರ್ಟ್ ನೋಡ್ತೀನಿ ಅಂದರೆ ಅಲ್ಲಿಗೇ 24 ಸೆನ್ಸರ್ ಹೋಯಿತು. ಆಟೋ ಡಿಸ್ಕವರಿ ಒತ್ತಿದರಂತೂ ಸಿಕ್ಕಿದ್ದಕ್ಕೆಲ್ಲ ಸೆನ್ಸರ್ ಹಾಕಿ ಮಧ್ಯಾಹ್ನದೊಳಗೆ ನೂರೂ ತಿಂದು ಹಾಕುತ್ತೆ. ಕೈಯಿಂದಲೇ ಹಾಕಿ. 42ಕ್ಕೂ ‘ಇದ್ದೀಯಾ’ ಅಂತ ಕೇಳೋ ಪಿಂಗ್ ಒಂದೊಂದು, ಸ್ವಿಚ್‌ಗೆ ರೂಟರ್ ಕಡೆ ಹೋಗೋ ಅಪ್‌ಲಿಂಕ್ ಪೋರ್ಟ್ ಮಾತ್ರ, ಅಂದರೆ 8, ರೂಟರ್ ಲೈನ್ 3, ಸರ್ವರ್‌ನ ಡಿಸ್ಕು, ಮೆಮೊರಿ, ಸಿಪಿಯು 3. ಒಟ್ಟು 56. ಆರಾಮಾಗಿ ಹಿಡಿಯುತ್ತೆ.

ಆಪ್‌ಮ್ಯಾನೇಜರ್ ನಮ್ಮ ಪಕ್ಕದ ಚೆನ್ನೈನ ಜೋಹೋದವರದು. ಅಲ್ಲಿ ಲೆಕ್ಕ ಡಿವೈಸ್ ಮೇಲೆ, ಎಷ್ಟು ಪೋರ್ಟ್ ನೋಡಿದರೂ ಒಂದೇ. ಚೆನ್ನಾಗಿದೆ, ಆದರೆ ಉಚಿತ ಸಿಗೋದು 3 ಡಿವೈಸ್‌ಗೆ ಮಾತ್ರ. ನಿಮ್ಮ ಸಾಹುಕಾರರ ವಿಷಯ ಕೇಳಿದರೆ ಅದು ಬೇಡ ಬಿಡಿ.

ಕೇಬಲ್ ಕ್ರಿಂಪರ್:
ನಾನು ಒಪ್ಪಲ್ಲ. ಇವತ್ತು 56, ನಾಳೆ ಚಳ್ಳಕೆರೆಯಲ್ಲಿ ಇನ್ನೊಂದು ಬ್ರಾಂಚ್ ತೆಗೆದರೆ? ಜ್ಯಾಬಿಕ್ಸ್ ಹಾಕಿ, 42 ಇರಲಿ 4200 ಇರಲಿ, ಲೈಸೆನ್ಸ್ ದುಡ್ಡು ಸೊನ್ನೆ. 2001ರಿಂದ ಇದೆ. ಕಲಿಯೋಕೆ ಎರಡು ಮೂರು ವಾರ ತಲೆನೋವು, ಅದು ನಿಜ. ಡೇಟಾಬೇಸ್ ಬೇರೆ ಸಾಕಬೇಕು. ನಾನು ಹಳೇ ಡೇಟಾ ಎಷ್ಟು ದಿನ ಇಡಬೇಕು ಅಂತ ನೋಡದೇ ಬಿಟ್ಟು ಡಿಸ್ಕ್ ತುಂಬಿಸಿ, ಮಾನಿಟರಿಂಗೇ ಮಲಗಿತ್ತು.

ಯಾವುದು ಹಾಕಿದರೂ ಡಿಪೆಂಡೆನ್ಸಿ, ಅಂದರೆ ಯಾವುದು ಯಾವುದರ ಹಿಂದಿದೆ ಅಂತ, ಹಾಕೋದು ಮರೀಬೇಡಿ. ದುರ್ಗದ ರೂಟರ್ ಬಿದ್ದರೆ ಅದರ ಹಿಂದಿರೋ ಕ್ಯಾಮೆರಾ, ಸ್ವಿಚ್ ಎಲ್ಲಾ ಬಿದ್ದ ಹಾಗೇ ಕಾಣುತ್ತೆ. ಟೆಲಿಗ್ರಾಂಗೆ ಒಂದರ ಬದಲು 15 ಮೆಸೇಜ್ ಬರುತ್ತೆ, ಎರಡೇ ದಿನಕ್ಕೆ ನೀವು ಮ್ಯೂಟ್ ಮಾಡ್ತೀರಿ, ಆಮೇಲೆ ಮತ್ತೆ ಸಾಹುಕಾರರ ಫೋನೇ ಗತಿ.

ಮಂಡಿಪೇಟೆ ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಒಂದು ಮುಜುಗರದ ವಿಷಯ. ಇವತ್ತು ಏಣಿ ಹತ್ತಿ ನೋಡಿದೆ, 8 ಸ್ವಿಚ್‌ನಲ್ಲಿ 5 ಅನ್‌ಮ್ಯಾನೇಜ್ಡ್, ಅಂದರೆ ಸೆಟ್ಟಿಂಗೇ ಇಲ್ಲದ ಸಾದಾ ಸ್ವಿಚ್. ಐಪಿನೇ ಇಲ್ಲ!

ಕೇಬಲ್ ಕ್ರಿಂಪರ್:
ಹಹ್ಹ. ಹಾಗಾದರೆ ಡಿವೈಸ್‌ನಿಂದ ಲೆಕ್ಕ ಕೇಳಿ ಪಡೆಯೋ ಎಸ್‌ಎನ್‌ಎಂಪಿ ಆಸೆ ಅಲ್ಲಿ ಬಿಡಿ, ಪಿಂಗೂ ಆಗಲ್ಲ. ಆ ಸ್ವಿಚ್‌ಗೆ ತಗುಲಿರೋ ಎರಡು ಕ್ಯಾಮೆರಾ ಒಟ್ಟಿಗೆ ಹೋದರೆ ಸ್ವಿಚ್ ಹೋಯಿತು ಅಂತ ತಿಳೀರಿ. ಉಳಿದ ಮೂರಕ್ಕೆ ಎಸ್‌ಎನ್‌ಎಂಪಿ ಆನ್ ಮಾಡುವಾಗ ‘ಪಬ್ಲಿಕ್’ ಅನ್ನೋ ಹಳೇ ಕಮ್ಯುನಿಟಿ ಹೆಸರು (ಪಾಸ್‌ವರ್ಡ್ ಇದ್ದ ಹಾಗೆ) ಬದಲಾಯಿಸಿ, ಆಗುತ್ತೆ ಅಂದರೆ ವರ್ಷನ್ 3 ಹಾಕಿ. ವರ್ಷನ್ 1 ಮಾತ್ರ ಬೇಡ. ಅದರಲ್ಲಿ ಎಷ್ಟು ಡೇಟಾ ಹೋಯಿತು ಅಂತ ಎಣಿಸೋದು 32 ಬಿಟ್ ಕೌಂಟರ್, 1 ಜಿಬಿಪಿಎಸ್ ಲೈನ್ ಪೂರ್ತಿ ಓಡಿದರೆ ಸುಮಾರು 34 ಸೆಕೆಂಡಿಗೇ ಸುತ್ತಿ ಸೊನ್ನೆಗೆ ಬರುತ್ತೆ, ನೀವು ನಿಮಿಷಕ್ಕೊಮ್ಮೆ ಓದಿದರೆ ಗ್ರಾಫ್ ಪೂರ್ತಿ ಸುಳ್ಳು.

ಹರಿಹರದ ಸೇತುವೆ:
ಎಲ್ಲರೂ ಸಾಫ್ಟ್‌ವೇರ್ ಬಗ್ಗೆಯೇ ಮಾತಾಡ್ತಿದ್ದೀರಿ. ಆ ಸಾಫ್ಟ್‌ವೇರ್ ಎಲ್ಲಿ ಕೂತಿರುತ್ತೆ ಅಂತ ಯಾರೂ ಕೇಳಲಿಲ್ಲ ಅಲ್ವಾ?

ನಾನು ಒಂದು ಅಕ್ಕಿ ಗಿರಣಿಗೆ ಜ್ಯಾಬಿಕ್ಸ್ ಹಾಕಿಕೊಟ್ಟಿದ್ದೆ, ಅಲ್ಲೇ ಆಫೀಸಿನ ಒಂದು ಪಿಸಿಯಲ್ಲಿ. ಒಂದು ಸಂಜೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಇಳಿದು, ರೂಟರ್ ಜೊತೆ ಆ ಪಿಸಿನೂ ಆರಿ ಹೋಗಿದೆ. ನನ್ನ ಫೋನಿಗೆ ಒಂದು ಮೆಸೇಜೂ ಇಲ್ಲ. ಮೆಸೇಜ್ ಇಲ್ಲ ಅಂದರೆ ಎಲ್ಲಾ ಚೆನ್ನಾಗಿದೆ ಅಂದುಕೊಂಡು ಮಿರ್ಚಿ ಮಂಡಕ್ಕಿ ತಿಂತಾ ಕೂತಿದ್ದೆ ಮಾರಾಯ್ರೆ.

ಈಗ ಹೊರಗೆ ಒಂದು ಸಣ್ಣ ಬಾಡಿಗೆ ಸರ್ವರ್‌ನಲ್ಲಿ ಅಪ್‌ಟೈಮ್ ಕುಮಾ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ಇಟ್ಟಿದ್ದೀನಿ, ಅದೂ ಉಚಿತ. ಅದರಲ್ಲಿ ಪುಶ್ ಅಂತ ಒಂದು ಬಗೆ ಇದೆ. ಆಫೀಸಿನ ಪಿಸಿ ನಿಮಿಷಕ್ಕೊಮ್ಮೆ ‘ಇದ್ದೀನಿ’ ಅಂತ ಹೊರಗೆ ಹೇಳುತ್ತೆ, ಹೇಳೋದು ನಿಂತರೆ ಕುಮಾ ಟೆಲಿಗ್ರಾಂಗೆ ಕೂಗುತ್ತೆ. ಸ್ಟ್ಯಾಟಿಕ್ ಐಪಿ ಬೇಕಿಲ್ಲ, ಪೋರ್ಟ್ ತೆರೆಯೋದೂ ಬೇಕಿಲ್ಲ. ನಿಮ್ಮ ಮೂರೂ ಜಾಗದಿಂದ ಒಂದೊಂದು ಪುಶ್ ಹಾಕಿ. ನಿಮ್ಮ 9 ಗಂಟೆ 11 ಗಂಟೆ ಕಥೆಗೆ ಇಷ್ಟೇ ಸಾಕು. ಜ್ಯಾಬಿಕ್ಸಾ ಪಿಆರ್‌ಟಿಜಿನಾ ಅಂತ ನಿಧಾನಕ್ಕೆ ಜಗಳ ಆಡಿ.

ಮಂಡಿಪೇಟೆ ಹುಡುಗ:
ಭಾನುವಾರ ಕೂತು ಮಾಡಿದೆ. ಮೂರೂ ಕಡೆಯಿಂದ ಪುಶ್, ಒಳಗೆ ಸದ್ಯಕ್ಕೆ ಪಿಆರ್‌ಟಿಜಿ. ಐಪಿ ಇಲ್ಲದ ಆ 5 ಸ್ವಿಚ್ ಬಿಟ್ಟಿದ್ದಕ್ಕೆ 46 ಸೆನ್ಸರ್ ಆಯಿತು. ಇವತ್ತು ಬೆಳಗ್ಗೆ 9:20ಕ್ಕೆ ದುರ್ಗ ಡೌನ್ ಅಂತ ಬಂತು. ತಕ್ಷಣ ಫೋನ್ ಮಾಡಿದೆ. ಹುಡುಗ ಇಸ್ತ್ರಿ ಪೆಟ್ಟಿಗೆ ಹಾಕೋಕೆ ರೂಟರ್ ಪ್ಲಗ್ ಕಿತ್ತಿದ್ದನಂತೆ.

ಕೋಟೆ ಕಡೆಯವ:
ಹೋದ ವಾರವೂ ಅದೇನಾ ಅಂತ ಕೇಳಿ ನೋಡಿ.