ಸಮುದ್ರ ಕಾಂಪೌಂಡಿನ ಹೊರಗಿದೆ

ಮೈಸೂರಿನವರಿಗೆ ಸಮುದ್ರದ ವಿಷಯದಲ್ಲಿರುವ ಧೈರ್ಯ ಸಮುದ್ರವನ್ನೇ ನಂಬಿ ಬದುಕುವವರಿಗೂ ಇರುವುದಿಲ್ಲ ಎಂಬುದು ನಮ್ಮ ವಾಸುದೇವನ ಬಹುಕಾಲದ ಅಭಿಪ್ರಾಯ. ಅವನು ಕುಂದಾಪುರದ ಕಡೆಯವನಾದುದರಿಂದ ಈ ಬಗ್ಗೆ ಅಭಿಪ್ರಾಯ ಹೊಂದುವುದು ಅವನ ಜನ್ಮಸಿದ್ಧ ಹಕ್ಕೆಂದು ನಾವೂ ಒಪ್ಪಿಕೊಂಡಿದ್ದೇವೆ. ನಾಲ್ಕು ಮನೆಗಳವರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಕರಾವಳಿಯ ಯಾವುದಾದರೂ ರೆಸಾರ್ಟಿನಲ್ಲಿ ಮೂರು ದಿನ ಇದ್ದು, ಮನಸಾರೆ ಈಜಾಡಿ ಬರುವುದೆಂದು ತೀರ್ಮಾನವಾಗಿ, ಅದು ಯಾವ ಊರಿನ ಯಾವ ರೆಸಾರ್ಟು ಎಂಬುದನ್ನು ಗೊತ್ತುಮಾಡಲು ರಂಗಣ್ಣನ ಮನೆಯಲ್ಲಿ ಸೇರಿದ ಸಭೆಯು ಆ ಅಭಿಪ್ರಾಯಕ್ಕೆ ಬೇಕಾದಷ್ಟು ಪುರಾವೆಗಳನ್ನು ಒದಗಿಸಿತು.

ಮೊದಲ ಪುರಾವೆ ರಂಗಣ್ಣನದೇ. ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಬಡ್ಡಿಯ ದರವನ್ನು ಬಿಟ್ಟಿರಲಾರದ ಅವನು ತನ್ನ ಫೋನನ್ನು ಎಲ್ಲರ ಮುಂದೆ ಹಿಡಿದು, “ಜುಲೈ ತಿಂಗಳಿನಲ್ಲಿ ಹೋದರೆ ಬಾಡಿಗೆ ಸರಿಯಾಗಿ ಅರ್ಧ. ಬೆಳಗಿನ ತಿಂಡಿ ಉಚಿತ. ಇದಕ್ಕಿಂತ ಬೇರೆ ಯೋಚನೆ ಏಕೆ?” ಎಂದನು.

“ಮಾರಾಯ, ಜೂನ್ 1ರಿಂದ ಜುಲೈ 31ರವರೆಗೆ ಒಟ್ಟು 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ,” ಎಂದು ವಾಸುದೇವ ಬಹಳ ತಾಳ್ಮೆಯಿಂದ ಆರಂಭಿಸಿದನು. “ಮೀನು ಮೊಟ್ಟೆಯಿಡುವ ಕಾಲವೆಂಬುದು ಒಂದು ಕಾರಣ, ಕಡಲು ಕೆರಳಿರುತ್ತದೆ ಎಂಬುದು ಇನ್ನೊಂದು. ಹುಟ್ಟಿದಂದಿನಿಂದ ಉಪ್ಪುನೀರಿನಲ್ಲೇ ಬೆಳೆದ ಮೊಗವೀರರೂ ಖಾರ್ವಿಗಳೂ ಬೋಟುಗಳನ್ನು ದಕ್ಕೆಯಲ್ಲಿ ಕಟ್ಟಿಹಾಕಿ ಹರಿದ ಬಲೆ ಸರಿಮಾಡುತ್ತ ಕುಳಿತಿರುವ ತಿಂಗಳಿನಲ್ಲಿ ನೀನು ಗಾಳಿ ತುಂಬಿದ ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುತ್ತೀಯೆ. ತಿಂಡಿಯನ್ನು ಉಚಿತವಾಗಿಯೇ ಕೊಡಬೇಕು. ಊಟದ ಹೊತ್ತಿಗೆ ನೀನು ಇರುತ್ತೀಯೆಂಬ ಭರವಸೆ ಅವರಿಗೆ ಇಲ್ಲವಲ್ಲ. ಮಲ್ಪೆಯಲ್ಲಿ ಮಳೆಗಾಲ ಬಂತೆಂದರೆ ತೀರದುದ್ದಕ್ಕೂ ಬಲೆ ಕಟ್ಟಿ ಜನ ನೀರಿಗಿಳಿಯದಂತೆ ತಡೆಯುತ್ತಾರೆ.”

“ಮೀನು ಹಿಡಿಯುವ ಬಲೆಯನ್ನೇ?” ಎಂದು ನಾನು ಕೇಳಿದೆ.

“ಅದನ್ನೇ. ಆ ನಾಲ್ಕು ತಿಂಗಳು ಅದು ಪ್ರವಾಸಿಗರನ್ನು ಹಿಡಿಯುತ್ತದೆ.”

ಜುಲೈ ಹೀಗೆ ಬಿದ್ದುಹೋಯಿತು. ಸೆಪ್ಟೆಂಬರ್ ಮುಗಿದರೂ ಕಡಲು ಶಾಂತವಾಗಲು ಸ್ವಲ್ಪ ಸಮಯ ಬೇಕೆಂದೂ, ಡಿಸೆಂಬರ್ ಕೊನೆಯ ವಾರದಲ್ಲಿ ಇಡೀ ಬೆಂಗಳೂರು ಅಲ್ಲಿಯೇ ಇರುವುದರಿಂದ ಕಾವಲಿನವನಿಗೆ ಯಾರ ತಲೆ ಮುಳುಗಿತು, ಯಾರ ತಲೆ ಎದ್ದಿತು ಎಂದು ಲೆಕ್ಕವಿಡುವುದೇ ಕಷ್ಟವೆಂದೂ ವಾದವಾಗಿ, ಸಂಕ್ರಾಂತಿಯ ಆಸುಪಾಸು ಎಂಬಲ್ಲಿಗೆ ತಿಂಗಳಿನ ವಿಷಯ ನಿಂತಿತು. ಮೊಮ್ಮಕ್ಕಳ ಶಾಲೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ; ಅಜ್ಜಂದಿರಿಗೆ ಅದು ಅಷ್ಟು ದೊಡ್ಡ ವಿಷಯವಲ್ಲ.

ಎರಡನೆಯ ಪುರಾವೆ ನಂಜುಂಡ. ಅವನು ಶ್ರೀರಂಗಪಟ್ಟಣದ ಕಡೆ ನಾಲೆಯಲ್ಲಿ ಈಜು ಕಲಿತವನು. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುವುದರಿಂದ ಈಜಿಕೊಂಡು ಹೋದವನಿಗೂ ತೇಲಿಕೊಂಡು ಹೋದವನಿಗೂ ದಡದ ಮೇಲಿದ್ದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದಕಾರಣ ಅವನ ಕೀರ್ತಿಗೆ ಇದುವರೆಗೆ ಕುಂದು ಬಂದಿಲ್ಲ. ಸಮುದ್ರದಲ್ಲಿ ಉಪ್ಪಿರುವುದರಿಂದ ಮನುಷ್ಯ ಮುಳುಗುವುದಿಲ್ಲ, ಕೆಲವರು ನೀರಿನ ಮೇಲೆ ಮಲಗಿ ಪತ್ರಿಕೆ ಓದುವ ಚಿತ್ರವನ್ನು ತಾನೇ ನೋಡಿದ್ದೇನೆ ಎಂದು ಅವನು ಸಾರಿದನು. ಗ್ರಂಥಪಾಲಕಿಯಾಗಿದ್ದ ಸುಮಿತ್ರಾ ಮೇಡಂ ಅಲ್ಲಿರದಿದ್ದರೆ ಆ ಚಿತ್ರ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿತ್ತೋ ತಿಳಿಯದು.

“ನೀವು ನೋಡಿದ್ದು ಮೃತ ಸಮುದ್ರದ ಚಿತ್ರ, ನಂಜುಂಡಯ್ಯನವರೇ,” ಎಂದು ಅವರು ಹೇಳಿದರು. “ಅಲ್ಲಿ ಒಂದು ಲೀಟರ್ ನೀರಿಗೆ 300 ಗ್ರಾಂ ಮೀರಿ ಉಪ್ಪಿದೆ. ಅರಬ್ಬಿ ಸಮುದ್ರದಲ್ಲಿ ಇರುವುದು ಸುಮಾರು 35 ಗ್ರಾಂ. ಅಷ್ಟರಲ್ಲಿ ಪತ್ರಿಕೆ ಮಾತ್ರ ತೇಲುತ್ತದೆ.”

ತಿಂಗಳಾದ ಮೇಲೆ ರೆಸಾರ್ಟು. ಜಾಹೀರಾತಿನ ಚಿತ್ರಗಳನ್ನು ಓದುವುದು ಒಂದು ಪ್ರತ್ಯೇಕ ವಿದ್ಯೆಯೆಂದು ಅಂದು ನನಗೆ ಮನವರಿಕೆಯಾಯಿತು. ‘ಬೀಚ್ ಫ್ರಂಟ್’ ಎಂದರೆ ಕಡಲು ಎದುರಿಗಿದೆ, ಆದರೆ ನಡುವೆ ತಡೆಗೋಡೆಯ ಕಲ್ಲುಗಳ ರಾಶಿ ಇರಬಹುದು. ‘ಸೀ ವ್ಯೂ’ ಎಂದರೆ ಸ್ನಾನದ ಕೋಣೆಯ ಕಿಟಕಿಯಲ್ಲಿ ಕತ್ತು ಹೊರಳಿಸಿದರೆ ನೀಲಿಯಾಗಿ ಏನೋ ಕಾಣುತ್ತದೆ. ‘ಬೀಚ್ ಆಕ್ಸೆಸ್’ ಎಂದರೆ ಯಾರದೋ ತೆಂಗಿನ ತೋಟದ ಬೇಲಿ ಸಂದಿಯಲ್ಲಿ ಹೋಗಬಹುದು, ನಾಯಿ ಒಪ್ಪಿದರೆ. ಹಾಸಿಗೆಯ ಮೇಲೆ ಟವಲಿನಲ್ಲಿ ಮಾಡಿಟ್ಟ ಹಂಸಗಳ ಚಿತ್ರ ಎಲ್ಲ ರೆಸಾರ್ಟುಗಳಲ್ಲಿಯೂ ಇತ್ತು. ನೀರಿನ ಅಡಿಯಲ್ಲಿ ಏನಿದೆಯೆಂಬ ಚಿತ್ರ ಯಾವುದರಲ್ಲಿಯೂ ಇರಲಿಲ್ಲ.

ಸಭೆಯ ಒತ್ತಾಯಕ್ಕೆ ಮಣಿದು ನಾನು ಹೆಚ್ಚು ನಕ್ಷತ್ರಗಳಿದ್ದ ಒಂದು ರೆಸಾರ್ಟಿಗೆ ಫೋನು ಮಾಡಿದೆ. ಪ್ರಶ್ನೆಗಳನ್ನು ವಾಸುದೇವ ಚೀಟಿಯಲ್ಲಿ ಬರೆದುಕೊಟ್ಟಿದ್ದನು. ನಿಮ್ಮ ಎದುರಿನ ತೀರದಲ್ಲಿ ಜೀವರಕ್ಷಕರು ಇದ್ದಾರೆಯೇ ಎಂದು ಕೇಳಿದ್ದಕ್ಕೆ ವ್ಯವಸ್ಥಾಪಕರು, “ನಮ್ಮಲ್ಲಿ ಈಜುಕೊಳವಿದೆ ಸರ್,” ಎಂದರು. ದಡ ಇಳಿಜಾರೋ ಕಡಿದೋ ಎಂದು ಕೇಳಿದೆ. “ಕೊಳದ ಆಳ ನಾಲ್ಕು ಅಡಿ ಸರ್,” ಎಂಬ ಉತ್ತರ ಬಂತು. ಹತ್ತಿರದಲ್ಲಿ ನದಿಯ ಅಳಿವೆ ಇದೆಯೇ, ನೀರಿನಲ್ಲಿ ಬಂಡೆಗಳಿವೆಯೇ ಎಂದು ಮುಂದುವರಿಸಿದಾಗ ಅವರ ಧ್ವನಿ ತುಸು ಗಡುಸಾಗಿ, “ಸರ್, ಸಮುದ್ರ ನಮ್ಮ ಕಾಂಪೌಂಡಿನ ಹೊರಗಿದೆ. ಅದರ ವಿಷಯ ನಮಗೆ ಬರುವುದಿಲ್ಲ,” ಎಂದು ಹೇಳಿ, ರಾತ್ರಿಯ ಊಟಕ್ಕೆ ಎಷ್ಟು ಜನವೆಂದು ವಿಚಾರಿಸಿದರು.

“ಮನುಷ್ಯ ಸತ್ಯವನ್ನೇ ಹೇಳಿದ್ದಾನೆ,” ಎಂದು ವಾಸುದೇವ ಮೆಚ್ಚಿಕೊಂಡನು. “ನೀವೆಲ್ಲ ಮೊದಲು ಕೋಣೆಯನ್ನು ಹಿಡಿದು, ಆಮೇಲೆ ಅದರ ಮುಂದಿರುವ ಕಡಲಿಗೆ ಇಳಿಯುತ್ತೀರಿ. ಮೊದಲು ಆರಿಸಬೇಕಾದದ್ದು ನೀರನ್ನು. ಒಂದೊಂದಾಗಿ ಊರಿನ ಹೆಸರು ಹೇಳಿ.”

ಸುಮಿತ್ರಾ ಮೇಡಂ ಮರವಂತೆಯಿಂದ ಆರಂಭಿಸಿದರು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡುವುದಕ್ಕೆ ಅದಕ್ಕಿಂತ ಚೆಂದದ ಜಾಗ ತನಗೆ ಗೊತ್ತಿಲ್ಲವೆಂದೂ, ಆದರೆ ಹೆದ್ದಾರಿಯನ್ನು ಉಳಿಸಲು ಕಲ್ಲು ಸುರಿದಿರುವ ಕಡೆ ಕಡಲು ಎಂತಹದೆಂದು ಆ ಕಲ್ಲುಗಳೇ ಹೇಳುತ್ತವೆಯೆಂದೂ, ಅಲ್ಲಿ ಈಜಲು ಶತ್ರುವಿಗೂ ಸಲಹೆ ಕೊಡಲಾರೆನೆಂದೂ ವಾಸುದೇವ ಹೇಳಿದನು. ಸ್ವಂತ ಊರಿನ ಕಡೆಯ ಜಾಗವನ್ನು ಹೀಗೆ ತಳ್ಳಿಹಾಕಿದ್ದನ್ನು ಕಂಡು ಅವನ ನಿಷ್ಪಕ್ಷಪಾತದ ಮೇಲೆ ನಮಗೆ ನಂಬಿಕೆ ಹುಟ್ಟಿತು. ಉಳ್ಳಾಲದ ಸೋಮೇಶ್ವರ ಬಂಡೆಗಳ ಕಾರಣದಿಂದ ಹೋಯಿತು. ಗೋಕರ್ಣದ ಓಂ ಬೀಚ್ ಕೂಡ ಅದೇ ಕಾರಣದಿಂದ ಹಿಂದೆ ಬಿತ್ತು. ಮುರುಡೇಶ್ವರದಲ್ಲಿ 123 ಅಡಿಯ ಶಿವನೇ ಕಾವಲಿದ್ದಾನಲ್ಲ ಎಂದು ನಂಜುಂಡ ನಕ್ಕಾಗ ವಾಸುದೇವ ನಗಲಿಲ್ಲ. ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಲ್ಲಿ ನೀರುಪಾಲಾದದ್ದು 2024ರ ಡಿಸೆಂಬರಿನಲ್ಲಿ, ಮಳೆಗಾಲದಲ್ಲಲ್ಲ ಎಂದಷ್ಟೇ ಹೇಳಿದನು. ತಿಂಗಳನ್ನು ಸರಿಯಾಗಿ ಆರಿಸಿದೆವೆಂಬ ನಮ್ಮ ಹೆಮ್ಮೆ ಅಲ್ಲಿಗೆ ಅರ್ಧವಾಯಿತು.

ಕಾರವಾರದ ಹೆಸರು ಬಂದಾಗ ಸುಮಿತ್ರಾ ಮೇಡಂ ಅವರ ಮುಖ ಅರಳಿತು. ರವೀಂದ್ರನಾಥ ಠಾಕೂರರು ಯುವಕರಾಗಿದ್ದಾಗ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದರು, ಕಡಲತೀರಕ್ಕೆ ಅವರ ಹೆಸರೇ ಇದೆ, ಅಂತಹ ಜಾಗ ಕ್ಷೇಮವಲ್ಲದೆ ಇನ್ನೇನು ಎಂದರು.

“ಅವರು ಅಲ್ಲಿ ನಾಟಕ ಬರೆದರೆಂದು ನಾನೂ ಓದಿದ್ದೇನೆ ಮೇಡಂ, ಈಜಿದರೆಂದು ನೀವು ಎಲ್ಲಿ ಓದಿದಿರಿ?” ಎಂದು ವಾಸುದೇವ ಕೇಳಿದನು. ಆದರೂ ಕೊಲ್ಲಿಯ ಆಕಾರದಿಂದಲೂ ಎದುರಿನ ದ್ವೀಪಗಳಿಂದಲೂ ಅಲ್ಲಿ ಅಲೆಗಳ ಅಬ್ಬರ ಕಡಿಮೆಯೆಂದು ಒಪ್ಪಿ, ಕಾಳಿ ನದಿಯ ಅಳಿವೆಯ ಕಡೆಗೆ ಮಾತ್ರ ಸುಳಿಯಬಾರದೆಂಬ ಷರತ್ತು ಹಾಕಿದನು. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲಿನ ನೀರೂ ಸೇರಿ ಅಳಿವೆಯ ಬಾಯಿಯಿಂದ ಹೊರಗೆ ನುಗ್ಗುತ್ತವೆ. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ, ಮರುದಿನ ಅವು ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಆದ್ದರಿಂದ ನಿನ್ನೆ ಹತ್ತು ಗಂಟೆಗೆ ಕ್ಷೇಮವಾಗಿತ್ತೆಂಬುದು ಇಂದಿನ ಹತ್ತು ಗಂಟೆಗೆ ಸಾಕ್ಷಿಯಾಗುವುದಿಲ್ಲ. ರಂಗಣ್ಣ ಇದನ್ನು ಬರೆದುಕೊಂಡನು.

“ಇಷ್ಟೆಲ್ಲ ಏಕೆ?” ಎಂದು ನಂಜುಂಡ ತಾಳ್ಮೆಗೆಟ್ಟನು. “ನನ್ನದು ಸುಲಭದ ಉಪಾಯ. ದಡದ ಮೇಲೆ ನಿಂತು ನೋಡುತ್ತೇನೆ. ಅಲೆ ಒಡೆಯುವ ಕಡೆ ಇಳಿಯುವುದಿಲ್ಲ. ನಡುವೆ ಎಲ್ಲಿ ನೀರು ಸಮತಟ್ಟಾಗಿ, ಕಡುಬಣ್ಣವಾಗಿ, ಶಾಂತವಾಗಿ ಕಾಣುತ್ತದೆಯೋ ಅಲ್ಲಿ ಇಳಿಯುತ್ತೇನೆ.”

ವಾಸುದೇವ ಎದ್ದು ನಿಂತನು. ಅವನು ಎದ್ದು ನಿಲ್ಲುವುದು ಅಪರೂಪ.

“ನೀನು ಇದುವರೆಗೆ ಬದುಕಿರುವುದು ಮೈಸೂರಿನಲ್ಲಿ ಕಡಲಿಲ್ಲ ಎಂಬ ಒಂದೇ ಕಾರಣಕ್ಕೆ. ಮದುವೆಯ ಛತ್ರದಲ್ಲಿ ಪಂಕ್ತಿ ಎದ್ದ ಕೂಡಲೇ ಇಡೀ ಸಾಲು ಕೈತೊಳೆಯುವ ಒಂದೇ ಕಿರುಬಾಗಿಲಿಗೆ ನುಗ್ಗುವುದನ್ನು ನೀನು ನೋಡಿಲ್ಲವೇ? ದಡಕ್ಕೆ ಅಲೆಗಳು ತಂದು ಸುರಿದ ನೀರೂ ಹಾಗೆಯೇ ಹಿಂದಿರುಗಲು ದಾರಿ ಹುಡುಕುತ್ತದೆ. ನೀರಿನಡಿಯ ಮರಳು ದಿಬ್ಬಗಳ ನಡುವೆ ಎಲ್ಲಿ ಸಂದು ಇದೆಯೋ ಅಲ್ಲಿಂದ ಅದು ಒಟ್ಟಾಗಿ ಕಡಲಿನತ್ತ ಓಡುತ್ತದೆ. ಆ ಸಂದಿನಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದಿಲ್ಲ, ಮೇಲೆ ಶಾಂತವಾಗಿ ಕಾಣುತ್ತದೆ. ನೀನು ಇಷ್ಟು ಜಾಣತನದಿಂದ ಆರಿಸಿಕೊಂಡ ಜಾಗವೇ ಸೆಳೆತದ ಬಾಗಿಲು. ಜೋರಾದ ಸೆಳೆತ ಸೆಕೆಂಡಿಗೆ 2 ಮೀಟರನ್ನೂ ಮೀರಿ ಓಡುತ್ತದೆ; 100 ಮೀಟರನ್ನು 46 ಸೆಕೆಂಡುಗಳಲ್ಲಿ ಈಜುವ ವಿಶ್ವದಾಖಲೆಯ ವೀರನೂ ಅದರ ಎದುರು ಈಜಿ ದಡ ಸೇರಲಾರ.”

“ಹಾಗಾದರೆ ಸಿಕ್ಕಿಕೊಂಡವನು ಏನು ಮಾಡಬೇಕು?” ಎಂದು ರಂಗಣ್ಣ ಪೆನ್ನು ಹಿಡಿದು ಕೇಳಿದನು.

“ದಡದ ಕಡೆಗೆ ಈಜಬಾರದು. ಸೆಳೆತ ಹೊರಗೆ ಎಳೆಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ತೇಲಿಕೊಂಡು, ಕೈಯೆತ್ತಿ ಕರೆಯಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಅದರಿಂದ ಹೊರಬಿದ್ದು, ಆಮೇಲೆ ಅಲೆಗಳ ಜೊತೆಗೆ ಬರಬೇಕು.”

“ಈಜಲು ಬಾರದವನು ಅಡ್ಡಕ್ಕೆ ಈಜುವುದು ಹೇಗೆ?”

“ಈಜಲು ಬಾರದವನು ಮೊಣಕಾಲಿನವರೆಗೆ ಹೋಗಿ, ಫೋಟೋ ತೆಗೆಸಿಕೊಂಡು, ಹಿಂದಿರುಗಿ ಕಡಲೆ ತಿನ್ನಬೇಕು.”

ಸುಮಿತ್ರಾ ಮೇಡಂ ಅಷ್ಟರಲ್ಲಿ ಬ್ಲೂ ಫ್ಲ್ಯಾಗ್ ವಿಷಯವನ್ನು ಹುಡುಕಿ ಇಟ್ಟಿದ್ದರು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕೇಂದ್ರವಿರುವ ಸಂಸ್ಥೆಯೊಂದು ನೀರಿನ ಶುದ್ಧತೆ, ಸುರಕ್ಷತೆ, ಪರಿಸರ ನಿರ್ವಹಣೆ ಮುಂತಾದ 33 ಅಂಶಗಳನ್ನು ನೋಡಿ ಈ ಮನ್ನಣೆ ಕೊಡುತ್ತದೆ. 2020ರ ಅಕ್ಟೋಬರಿನಲ್ಲಿ ಭಾರತದ 8 ತೀರಗಳಿಗೆ ಅದು ಸಿಕ್ಕಾಗ ಅವುಗಳಲ್ಲಿ ಎರಡು ನಮ್ಮವು, ಕಾಸರಕೋಡು ಮತ್ತು ಪಡುಬಿದ್ರಿ. ರಂಗಣ್ಣ ಕೂಡಲೇ ಕೇರಳದ ಕಾಸರಗೋಡಿಗೆ ರೈಲು ಹುಡುಕತೊಡಗಿದ್ದರಿಂದ, ಇದು ಹೊನ್ನಾವರದ ಪಕ್ಕದ, ಶರಾವತಿಯ ಆಚೆ ದಡದ ಊರೆಂದು ಅವನಿಗೆ ತಿಳಿಹೇಳಬೇಕಾಯಿತು.

“ನೀಲಿ ಬಾವುಟ ಹಾರುತ್ತಿದ್ದರೆ ಧೈರ್ಯವಾಗಿ ಧುಮುಕಬಹುದಲ್ಲವೇ?” ಎಂದನು ನಂಜುಂಡ.

“ಆ ಬಾವುಟ ತೀರದ ವ್ಯವಸ್ಥೆಗೆ ಕೊಟ್ಟ ಪ್ರಶಸ್ತಿ. ಇವತ್ತಿನ ಕಡಲು ಹೇಗಿದೆಯೆಂದು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಜೀವರಕ್ಷಕರ ಬಾವುಟ. ಕೆಂಪು ಹಾರಿಸಿದ್ದರೆ ಅಪಾಯ. ಎರಡು ಕೆಂಪು ಇದ್ದರೆ ನೀರಿಗೆ ಇಳಿಯುವಂತೆಯೇ ಇಲ್ಲ. ಕೆಂಪು-ಹಳದಿಯ ಎರಡು ಬಾವುಟಗಳನ್ನು ನೆಟ್ಟಿದ್ದರೆ ಅವೆರಡರ ನಡುವಿನ ನೀರಿನ ಮೇಲೆ ಅವರ ಕಣ್ಣಿರುತ್ತದೆ. ನಮ್ಮ ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಇದರಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ. ಯಾರೋ ರಾಜ್ಯೋತ್ಸವದ ಬಾವುಟವನ್ನು ತಲೆಕೆಳಗಾಗಿ ಕಟ್ಟಿದ್ದಾರೆಂದು ನೀನು ಅಭಿಮಾನದಿಂದ ಬಿಚ್ಚಿ ಸರಿಪಡಿಸಲು ಹೋಗಬೇಡ.”

ಇದುವರೆಗೆ ಬರೆದುಕೊಳ್ಳುತ್ತಿದ್ದ ರಂಗಣ್ಣ ಏನೋ ಹೊಳೆದವನಂತೆ ತಲೆಯೆತ್ತಿದನು. “ಹಾಗಾದರೆ ನಾವು ಈಜಬೇಕಾದದ್ದು ಬಾವುಟಗಳ ನಡುವೆ. ಬಾವುಟಗಳಿರುವುದು ಸಾರ್ವಜನಿಕ ತೀರದಲ್ಲಿ. ಅಂದಮೇಲೆ ಕಡಲಿನ ಎದುರೇ ಕೋಣೆ ಹಿಡಿದು ಮೂರು ಪಟ್ಟು ಬಾಡಿಗೆ ಕೊಡುವುದು ಯಾವ ಸುಖಕ್ಕೆ? ಹೊನ್ನಾವರ ಪೇಟೆಯಲ್ಲಿ ಸಾಧಾರಣ ವಸತಿಗೃಹವೊಂದರಲ್ಲಿದ್ದು, ಬೆಳಿಗ್ಗೆ ಆಟೋದಲ್ಲಿ ಕಾಸರಕೋಡಿಗೆ ಹೋಗಿ, ಈಜಿ ಬರಬಹುದಲ್ಲ!”

ಸಭೆ ಸ್ತಬ್ಧವಾಯಿತು. ಜೀವನದಲ್ಲಿ ಮೊದಲ ಬಾರಿಗೆ ಮಿತವ್ಯಯವೂ ವಿವೇಕವೂ ರಂಗಣ್ಣನಲ್ಲಿ ಒಂದೇ ಕಡೆ ಕಾಣಿಸಿಕೊಂಡಿದ್ದವು. ವಾಸುದೇವನಿಗೂ ಇದಕ್ಕೆ ಆಕ್ಷೇಪ ಸಿಗಲಿಲ್ಲ. ಶರಾವತಿಯ ಅಳಿವೆಯ ಕಡೆ ಯಾರೂ ತಿರುಗಾಡಬಾರದು, ಹೊರಡುವ ಮುನ್ನ ಜೀವರಕ್ಷಕರು ಇರುವ ವೇಳೆಯನ್ನು ಕೇಳಿಕೊಳ್ಳಬೇಕು, ಮತ್ತು ಉಳಿದ ಹಣದಲ್ಲಿ ಒಂದು ಭಾಗವನ್ನು ಅಂಜಲ್ ಮೀನಿಗೆ ಮೀಸಲಿಡಬೇಕು ಎಂಬ ತಿದ್ದುಪಡಿಗಳೊಂದಿಗೆ ಅವನು ಅನುಮೋದಿಸಿದನು.

“ಬಾವುಟದ ನಡುವೆಯೇ ಆದರೂ ಸೊಂಟಮಟ್ಟದ ನೀರಿಗಿಂತ ಮುಂದೆ ಯಾರೂ ಹೋಗುವಂತಿಲ್ಲ,” ಎಂದು ಅವನು ಕೊನೆಯ ನಿಯಮವನ್ನು ಓದಿದಾಗ ನಂಜುಂಡ, ನಾಲೆಯ ಕೀರ್ತಿಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡಲು ಮನಸ್ಸಿಲ್ಲದೆ, ಅದು ಯಾರ ಸೊಂಟವೆಂಬುದನ್ನು ಸ್ಪಷ್ಟಪಡಿಸಬೇಕೆಂದು ಪಟ್ಟುಹಿಡಿದನು. ವಾಸುದೇವ ಆರಡಿಯ ಆಳಾದ್ದರಿಂದ ಅವನ ಸೊಂಟವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವುದು ನ್ಯಾಯವೆಂದು ಸೂಚಿಸಿದನು. ಮಕ್ಕಳು ಅಜ್ಜಂದಿರ ಹಿಂದೆಯೇ ಬರುತ್ತಾರಾದ್ದರಿಂದ ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡಗಿರುವ ಮೊಮ್ಮಗಳ ಸೊಂಟವೇ ಎಲ್ಲರಿಗೂ ಅಳತೆಯೆಂದು ಸುಮಿತ್ರಾ ಮೇಡಂ ತೀರ್ಪು ಕೊಟ್ಟರು. ಆ ಮೊಮ್ಮಗಳು ನಂಜುಂಡನದೇ. ಅವನು ಅವಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ನೋಡಿದನು. ಅವಳ ಸೊಂಟ ಅವನ ಮೊಣಕಾಲಿಗೆ ಬಂತು.