ಅಪ್‌ಡೇಟ್: ರಿಮೋಟ್ ಗುಂಡಿಯಿಂದ ಸ್ಕ್ರಿಪ್ಟ್ ಈಗ ನಡೆಯುತ್ತಿದೆ

ಟರ್ಮಿನಲ್‌ನಲ್ಲಿ ಸರಿಯಾಗಿ ನಡೆಯುವ ನನ್ನ ಬ್ಯಾಕಪ್ ಸ್ಕ್ರಿಪ್ಟ್, ಲಿನಕ್ಸ್ ಕಂಪ್ಯೂಟರಿನ ರಿಮೋಟ್ ಗುಂಡಿ ಒತ್ತಿದಾಗ ಮಾತ್ರ ಏಕೆ ನಡೆಯುವುದಿಲ್ಲ ಎಂದು ಇಲ್ಲಿ ನಿಮ್ಮನ್ನು ಕೇಳಿದ್ದೆ. ದೋಷ ಸಂದೇಶಗಳನ್ನು ಲಾಗ್ ಫೈಲಿಗೆ ತಿರುಗಿಸಿದ ಮೇಲೆ ಕಾರಣ ತಿಳಿಯಿತು. ಗುಂಡಿಯ ಸಂಕೇತಕ್ಕೆ ತಕ್ಕ ಕಮಾಂಡನ್ನು ನಡೆಸುವ ಐಆರ್‌ಎಕ್ಸೆಕ್ ಎಂಬ ಪ್ರೋಗ್ರಾಂ ಹಿನ್ನೆಲೆ ಸೇವೆಯಾಗಿ ಓಡುತ್ತಿದ್ದುದರಿಂದ, ನಾನು ಲಾಗಿನ್ ಆದಾಗ ಶೆಲ್‌ಗೆ (ಟರ್ಮಿನಲ್‌ನಲ್ಲಿ ಕಮಾಂಡುಗಳನ್ನು ನಡೆಸುವ ಪ್ರೋಗ್ರಾಂಗೆ) ಸಿಗುವ ಪಾತ್ ಸೆಟ್ಟಿಂಗ್, ಅಂದರೆ ಕಮಾಂಡುಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ, ಅದಕ್ಕೆ ಸಿಗುತ್ತಿರಲಿಲ್ಲ. ಹೀಗಾಗಿ ಹೆಸರನ್ನಷ್ಟೇ ಬರೆದಿದ್ದ ಸ್ಕ್ರಿಪ್ಟನ್ನು ಹುಡುಕಲಾಗದೆ, ತೆರೆಯ ಮೇಲೆ ಏನನ್ನೂ ತೋರಿಸದೆ ಅದು ಸುಮ್ಮನಾಗುತ್ತಿತ್ತು. ಸ್ಕ್ರಿಪ್ಟ್ ಫೈಲ್ ಇರುವ ಜಾಗದ ಪೂರ್ಣ ಪಾತ್ (ವಿಳಾಸ) ಬರೆದ ಕೂಡಲೇ ಕೆಲಸವಾಯಿತು. ಆದರೆ ಸ್ಕ್ರಿಪ್ಟ್ ಮುಗಿಯುವವರೆಗೆ ಉಳಿದ ಗುಂಡಿಗಳು ಸ್ಪಂದಿಸುತ್ತಿರಲಿಲ್ಲ. ಕಮಾಂಡಿನ ಕೊನೆಗೆ ಆಂಪರ್‌ಸ್ಯಾಂಡ್ (&) ಚಿಹ್ನೆ ಸೇರಿಸಿ ಸ್ಕ್ರಿಪ್ಟನ್ನು ಹಿನ್ನೆಲೆಯಲ್ಲಿ ಓಡಿಸಿದ್ದರಿಂದ ಅದೂ ಬಗೆಹರಿಯಿತು. ಕೈತಪ್ಪಿ ಒತ್ತಿದ ಒಂದು ಗುಂಡಿಗೆ ರೂಟ್ ಅಧಿಕಾರ (ಕಂಪ್ಯೂಟರಿನ ಮೇಲಿನ ಪೂರ್ಣ ನಿಯಂತ್ರಣ) ಇರಬಾರದೆಂಬ ನಿಮ್ಮ ಎಚ್ಚರಿಕೆಯನ್ನು ಪೂರ್ಣವಾಗಿ ಒಪ್ಪಿ, ಸೇವೆಯನ್ನು ಸಾಮಾನ್ಯ ಬಳಕೆದಾರ ಖಾತೆಗೆ ಬದಲಿಸಿದ್ದೇನೆ.